ಎತ್ತುಗಳ ಪಕ್ಕ ನಿಂತ ಸೈಕಲ್

ಒಲೆಯ ಮುಂದೆ ಕೂತು ಗೌರಕ್ಕ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಿದ್ದಳು. ಗಂಡ ಮಡಿವಾಳೆಪ್ಪ ಬುತ್ತಿ ಕಟ್ಟಿಸಿಕೊಂಡು ಬೆಳಗಿನ ಬಸ್ಸಿಗೆ ಅಣ್ಣಿಗೇರಿಗೆ ಹೋಗಿಯಾಗಿತ್ತು. ಇನ್ನು ಅತ್ತೆಗೆ, ಮಗಳಿಗೆ, ತನಗೆ ಎಂದು ಒಂದಿಷ್ಟು ಬಡಿದರೆ ಹಿಟ್ಟಿನ ಕೈ ತೊಳೆದುಕೊಳ್ಳಬಹುದು. ಅಷ್ಟರಲ್ಲಿ ಮಗಳು ನೀಲಗಂಗಾ ಓಡಿಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

"ಅವ್ವಾ, ಕರಿಸಿದ್ದಪ್ಪ ಬಂದಾನ. ಸೈಕಲ್ ಒಯ್ತೇನಿ ಅಂತಾನ."

"ಎಲ್ಲಿಗೆ ಒಯ್ತಾನಂತ?"

"ಅವರ ಮನಿಗೆ. ಕಾಯಂ. ಆಯಿ ಕೊಟ್ಟಾಳಂತ."

ಗೌರಕ್ಕ ರೊಟ್ಟಿಯನ್ನು ಹಂಚಿನ ಮೇಲೆಯೇ ಬಿಟ್ಟು ಎದ್ದಳು. ತಲಬಾಗಿಲು ದಾಟಿ ಒಳಗೆ ಬಂದರೆ ಆ ಮನೆಯಲ್ಲಿ ಎಡಕ್ಕೆ ಎತ್ತು ಕಟ್ಟುವ ದಂದಕ್ಕಿ, ಬಲಕ್ಕೆ ಎತ್ತರದ ಪಡಸಾಲೆ. ದಂದಕ್ಕಿಯ ಗೋಡೆಗೆ ಒರಗಿಸಿದ್ದ ಕರಿ ಸೈಕಲ್ಲಿನ ಹ್ಯಾಂಡಲ್ ಹಿಡಿದು ಹಾಲಿನ ಕರಿಸಿದ್ದಪ್ಪ ನಿಂತಿದ್ದ. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ಅತ್ತೆ ರೇವವ್ವ ಅಡಕೆ ಕತ್ತರಿಸುತ್ತ ಕೂತಿದ್ದಳು.

"ಗಾಳಿ ಇಲ್ರಿ ಅಕ್ಕಾರ ಇದರಾಗ," ಅಂದ ಕರಿಸಿದ್ದಪ್ಪ. "ಇರಲಿ, ನಾನೂ ಮುಂಜಾನಿಂದ ಏನೂ ತಿಂದಿಲ್ಲ. ಇಬ್ಬರೂ ಬರಿಹೊಟ್ಟಿಲೆ ನಡಕೊಂಡು ಹೊಕ್ಕೇವಿ."

"ಅತ್ತೀ, ಇದೇನ್ರಿ?"

"ಏನೈತಿ ಅದರಾಗ? ತುಳಿಯಾಂವ ಇಲ್ಲ, ಮುಟ್ಟಾಂವ ಇಲ್ಲ, ತುಕ್ಕು ತಿನ್ನಾಕ ಹತ್ತೇತಿ. ಈ ಕರಿಸಿದ್ದ ನೋಡಿದ್ರ ಹಾಲಿನ ಕ್ಯಾನು ತಲಿಮ್ಯಾಲ ಹೊತ್ತು ಅಣ್ಣಿಗೇರಿತನಾ ನಡೀತಾನ. ಬಸ್ಸಿನ್ಯಾಗ ಹಾಲು ಚೆಲ್ಲತೈತಂತ ಕಂಡಕ್ಟರ ಹತ್ತಿಸಿಕೊಳ್ಳೂದಿಲ್ಲ. ಯಮನೂರಪ್ಪನ ಹೆಸರಿನ ಮ್ಯಾಲ ಕೊಟ್ಟುಬಿಡ್ತೇನಿ, ಪುಣ್ಯಾರ ಬರ್ಲಿ."

"ಅವರಿಗೆ ಹೇಳೀರೇನು?"

"ಹೇಳೂದೇನೈತಿ? ಹರಕಿ ಆಂವಗೂ ಗೊತ್ತೈತಿ."

ಗೌರಕ್ಕ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬೇಡ ಅನ್ನಬೇಕು. ಆದರೆ ಅತ್ತೆಯ ಹರಕೆಯ ಎದುರು ಸೊಸೆ ಬೇಡ ಅನ್ನುವುದು ಹೇಗೆ? ಅತ್ತಿತ್ತ ನೋಡಿದಳು. ಹಣೆಗೆ ವಿಭೂತಿ ಬಳಿಸಿಕೊಂಡ ಎತ್ತುಗಳೆರಡೂ ಮಲಗಿ ಮೆಲುಕು ಹಾಕುತ್ತಿದ್ದವು. ಹೊಲಕ್ಕೆ ಹೋಗಿಲ್ಲ.

"ಇವತ್ತ ಸೋಮವಾರ ಅಲ್ರಿ ಅತ್ತಿ," ಅಂದಳು. "ಬಸವಣ್ಣನ ವಾರ. ಸೈಕಲ್ಲೂ ಭಾರಾ ಹೊರೂ ಜೀವ, ಸೋಮವಾರ ಅದನ್ನ ಕೆಲಸಕ್ಕ ಹಚ್ಚಬಾರದು ಅಂತ ನೀವ ಹೇಳಿದ್ರಿ."

ಅಡಕತ್ತರಿ ನಿಂತಿತು.

ಆ ಕಟ್ಟಳೆ ಮಾಡಿದವಳು ರೇವವ್ವನೇ. ಊರಲ್ಲಿ ಸೋಮವಾರ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸೈಕಲ್ ಮನೆಗೆ ಬಂದ ವರ್ಷ ಮಹಾನವಮಿಯ ಖಂಡೇಪೂಜೆಗೆ ಅದನ್ನೂ ಕುಂಟೆ ಕೂರಿಗೆಗಳ ಸಾಲಿನಲ್ಲಿ ನಿಲ್ಲಿಸಿ ವಿಭೂತಿ ಹಚ್ಚಿದ ಮುದುಕಿ, "ಇದೂ ನಮ್ಮ ಮನಿ ಎತ್ತ," ಎಂದು ದಂದಕ್ಕಿಯಲ್ಲಿ ಅದಕ್ಕೊಂದು ಜಾಗ ಕೊಟ್ಟಳು. ಜಾಗ ಕೊಟ್ಟ ಮೇಲೆ ರಜೆಯನ್ನೂ ಕೊಡಬೇಕಾಯಿತು. ಹೀಗೆ ಸೋಮವಾರ ಎತ್ತಿಗೂ ರಜೆ, ಸೈಕಲ್ಲಿಗೂ ರಜೆ. ಮಡಿವಾಳೆಪ್ಪನಿಗೆ ಮಾತ್ರ ಅವತ್ತು ನಡಿಗೆ. ಅವನು ಒಂದು ದಿನವೂ ಎದುರಾಡಿದವನಲ್ಲ.

"ಹೌದಲ್ಲಾ, ಮರತಬಿಟ್ಟಿದ್ದೆ ನೋಡು," ಅಂದಳು ರೇವವ್ವ. "ನಾಳಿಗೆ ಮಂಗಳವಾರ, ಮನಿ ವಸ್ತು ಹೊರಗ ಕೊಡೂದಿಲ್ಲ. ಬುಧವಾರ ಮುಂಜಾನೆ ಬಾ ಕರಿಸಿದ್ದಾ."

"ಬುಧವಾರಕ್ಕ ಏನೂ ಅಡ್ಡಿ ಇಲ್ಲಲ್ರಿ ಯವ್ವಾರ? ಇದ್ರ ಈಗ ಹೇಳಿಬಿಡ್ರಿ, ಗುರುವಾರಾನ ಬರ್ತೇನಿ."

"ಬಾಯಿ ಬಾಳ ಆತು ನಿಂದು. ಬುಧವಾರ ಬಾ."

ಗೌರಕ್ಕ ಒಳಗೆ ಬಂದಾಗ ರೊಟ್ಟಿ ಇದ್ದಿಲಾಗಿತ್ತು. ಅದನ್ನು ತೆಗೆದು ಬಾಜೂಕಿಟ್ಟು, ಹಂಚಿನ ಮೇಲೆ ನೀರು ಚಿಮುಕಿಸಿ, ಮತ್ತೊಂದು ಮುದ್ದೆ ಹಿಟ್ಟು ನಾದತೊಡಗಿದಳು. ಗೆದ್ದೆ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಎರಡು ದಿನ ಗೆದ್ದರೆ ಏನು ಬಂತು ಎಂದು ತನ್ನ ಮೇಲೆ ತನಗೇ ಸಿಟ್ಟು ಬಂತು.

ನೀಲಗಂಗಾ ಇನ್ನೂ ಹೊಸ್ತಿಲಲ್ಲೇ ಇದ್ದಳು. "ಅವ್ವಾ, ಅಪ್ಪಗ…"

"ಈಗ ಬ್ಯಾಡವ್ವಾ. ಆಮ್ಯಾಲ ಕೇಳೂವಂತಿ. ಸಾಲಿಗೆ ತಡಾ ಆಗ್ತೈತಿ, ನಡಿ."

ಹುಡುಗಿ ಬಾಯಿ ಮುಚ್ಚಿಕೊಂಡಳು. ಈಚೆಗೆ ಅವಳಿಗೆ ಅದು ರೂಢಿಯಾಗಿತ್ತು. ರೂಢಿ ಮಾಡಿಸಿದವಳು ತಾಯಿಯೇ.

ಮಡಿವಾಳೆಪ್ಪ ಅಣ್ಣಿಗೇರಿಯ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತ. ಬಂದ ಹತ್ತಿಯ ತೂಕ ಬರೆದುಕೊಳ್ಳುವುದು, ಹೋದ ಅರಳೆಯ ತೂಕ ಬರೆದುಕೊಳ್ಳುವುದು. ಕೆಲಸ ಭಾರದ್ದಲ್ಲ. ಭಾರವೆಂದರೆ ಸದ್ದು. ಕಾಳು ಬಿಡಿಸುವ ಜಿನ್ನುಗಳು ಸಾಲಾಗಿ ಕೂತು ಮುಂಜಾನೆಯಿಂದ ಸಂಜೆಯ ತನಕ ಗರಗರ ಅನ್ನುತ್ತವೆ. ಎದುರಿಗೆ ನಿಂತವನ ತುಟಿ ನೋಡಿ ಮಾತು ತಿಳಿದುಕೊಳ್ಳಬೇಕು. ತುಟಿ ಓದಲು ಬಾರದ ಮ್ಯಾನೇಜರ ಒಬ್ಬನಿದ್ದ. ತಾನು ಹೇಳಿದ್ದು ಗುಮಾಸ್ತನಿಗೆ ಕೇಳಿಸಲಿಲ್ಲವೆಂದೂ ಅವನು ಕೂಗುತ್ತಿದ್ದ, ಗುಮಾಸ್ತ ಹೇಳಿದ್ದು ತನಗೆ ಕೇಳಿಸಲಿಲ್ಲವೆಂದೂ ಕೂಗುತ್ತಿದ್ದ.

ಇಷ್ಟಿದ್ದರೂ ಸೈಕಲ್ಲಿನ ಮೇಲೆ ಓಡಾಡುತ್ತಿದ್ದಷ್ಟು ಕಾಲ ಆ ಗಿರಣಿ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಆರು ಮೈಲಿಯ ದಾರಿ, ಎರಡೂ ಕಡೆಗೆ ಬಯಲು, ಬಯಲಿನ ತುಂಬ ಗಾಳಿ. ಒಮ್ಮೆ ಕಾಲಿಗೆ ನೀರು ಹಾಕುತ್ತಿದ್ದಾಗ ಗೌರಕ್ಕ ಕೇಳಿದ್ದಳು, ದಿನಾ ಇಷ್ಟು ತುಳಿದು ಸುಸ್ತಾಗುವುದಿಲ್ಲವೇ ಎಂದು. ಅವನು ನಕ್ಕಿದ್ದ.

"ಊರು ಬಿಟ್ಟಕೂಡ್ಲೆ ಮ್ಯಾನೇಜರನ ಕೂಡ ಮನಸ್ಸಿನ್ಯಾಗ ಜಗಳಾ ತಗೀತೇನಿ. ನಾ ಒಂದು ಅಂತೇನಿ, ಆಂವ ಒಂದು ಅಂತಾನ. ಆಮ್ಯಾಲ ಎದುರಗಾಳಿ ಬರ್ತೈತಿ ನೋಡು, ಜಗಳಾಡಾಕ ಉಸರ ಸಾಲೂದಿಲ್ಲ. ಹಳ್ಳದ ಹಂತ್ಯಾಕ ಬರೂದ್ರಾಗ ಮ್ಯಾನೇಜರ ಎಲ್ಲೋ ಹಿಂದ ಬಿದ್ದಿರ್ತಾನ. ಹೊಳ್ಳಿ ನೋಡಿದ್ರೂ ಕಾಣೂದಿಲ್ಲ."

"ಮತ್ತ ಆಮ್ಯಾಲ?"

"ಆಮ್ಯಾಲ ಏನೂ ಇಲ್ಲ. ನಾ ಇಲ್ಲ, ಗಿರಣಿ ಇಲ್ಲ. ಗಾಲಿ ತಿರಗತಾವು, ಅಷ್ಟ. ಅದನ್ನ ಹೆಂಗ ಹೇಳ್ಲಿ ನಿನಗ, ಹೊಟ್ಟಿತುಂಬ ತಣ್ಣೀರು ಕುಡದಂಗ ಇರ್ತೈತಿ."

ಹಳ್ಳದ ಇಳಿಜಾರಿನಲ್ಲಿ ತುಳಿಯುವುದನ್ನು ಬಿಟ್ಟು, ಕಾಲೆರಡನ್ನೂ ಅಗಲಿಸಿ, ಸಣ್ಣ ಹುಡುಗನಂತೆ ಇಳಿದು ಬರುತ್ತಿದ್ದ. ಅಲ್ಲಿ ನೀಲಗಂಗಾ ಕಾಯುತ್ತ ನಿಂತಿರುತ್ತಿದ್ದಳು. ಮುಂದಿನ ಕೊಳವೆಗೆ ಟವೆಲ್ ಸುತ್ತಿ ಅವಳನ್ನು ಕೂರಿಸಿಕೊಂಡು, ಅವತ್ತು ಚಿಗರಿಯ ಹಿಂಡು ಯಾರ ಹೊಲದಲ್ಲಿ ಕಂಡಿತು, ಗಂಡು ಚಿಗರಿ ಹೇಗೆ ಜಿಗಿಯಿತು, ಯಾರ ಕುಸುಬಿ ಹೂ ಬಿಟ್ಟಿದೆ ಎಲ್ಲ ಹೇಳುತ್ತ ಬರುತ್ತಿದ್ದ. ಇಬ್ಬರ ಮಾತು ಓಣಿ ತಿರುಗುವ ಮೊದಲೇ ಗೌರಕ್ಕನಿಗೆ ಕೇಳಿಸುತ್ತಿತ್ತು. ಮಗಳು ಕೇಳುವ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ. ಚಿಗರಿಗೆ ಕೊಟ್ಟಿಗೆ ಯಾಕಿಲ್ಲ? ಗಾಳಿ ಹೋಗುವಾಗಲೂ ಎದುರು, ಬರುವಾಗಲೂ ಎದುರು ಯಾಕೆ? ಅವನು ಎಲ್ಲದಕ್ಕೂ ಒಂದಿಲ್ಲೊಂದು ಉತ್ತರ ಹೊಂದಿಸಿ ಹೇಳುತ್ತಿದ್ದ. ಗೊತ್ತಿಲ್ಲದ್ದಕ್ಕೆ, "ನಾಳಿಗೆ ಚಿಗರಿನ ಕೇಳಿಕೊಂಡು ಬರ್ತೇನಿ," ಅನ್ನುತ್ತಿದ್ದ.

ತೊಂದರೆ ಇದ್ದದ್ದು ಮಳೆಗಾಲದಲ್ಲಿ. ಎರೆಮಣ್ಣಿನ ದಾರಿ ಒಂದು ಮಳೆ ಕುಡಿದರೆ ಸಾಕು, ಗಾಲಿಗೂ ಮಡ್‌ಗಾರ್ಡಿಗೂ ನಡುವೆ ರಾಡಿ ಹೊಕ್ಕು ಗಚ್ಚಿನ ಹಾಗೆ ಹಿಡಿಯುತ್ತದೆ. ಅದನ್ನು ಕೆತ್ತಿ ತೆಗೆಯಲೆಂದೇ ಅವನು ಸೈಕಲ್ಲಿಗೆ ಒಂದು ಜಾಲಿಯ ಕಟ್ಟಿಗೆ ಕಟ್ಟಿಕೊಂಡಿರುತ್ತಿದ್ದ. ಹತ್ತು ಮಾರು ಹೋಗುವುದು, ಕೆತ್ತುವುದು, ಮತ್ತೆ ಹತ್ತು ಮಾರು. ಕಡೆಗೆ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ನಡೆಯುವುದು. ಹಾಗೆ ಒಂದು ಸಂಜೆ ಅವನು ಸೊಂಟದ ತನಕ ರಾಡಿಯಾಗಿ, ಸೈಕಲ್ ಹೊತ್ತು ಬಾಗಿಲಿಗೆ ಬಂದಾಗ ರೇವವ್ವನ ಕರುಳು ಕಿತ್ತು ಬಂದಿತ್ತು. ಅಲ್ಲೇ ಅಂಗಳದಲ್ಲಿ ಯಮನೂರಿನ ದಿಕ್ಕಿಗೆ ತಿರುಗಿ ಕೈ ಜೋಡಿಸಿದ್ದಳು.

"ಯಮನೂರಪ್ಪಾ, ನಮ್ಮೂರಿಗೆ ಒಂದು ಬಸ್ಸು ತಾರಪ್ಪಾ. ನಿನ್ನ ದರ್ಗಾಕ್ಕ ಬಂದು ಸಕ್ಕರಿ ಓದಿಸ್ತೇನಿ. ನನ್ನ ಮಗನ ಕಾಲು ಮತ್ತ ಆ ಪೆಡಲಿನ ಮ್ಯಾಲ ಇಡಸೂದಿಲ್ಲ."

ಗೌರಕ್ಕ ಕೊಡದಲ್ಲಿ ನೀರು ಹಿಡಿದು ಅಲ್ಲೇ ನಿಂತಿದ್ದಳು. ಅವಳಿಗೂ ಆ ಗಳಿಗೆಗೆ ಅದು ಒಳ್ಳೆಯ ಮಾತು ಅನ್ನಿಸಿತ್ತು. ಒಂದು ಸಂಗತಿಯನ್ನು ಅತ್ತೆ ಸೊಸೆ ಇಬ್ಬರೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಆ ಸಂಜೆ ಕೂಡ, ಅಷ್ಟು ರಾಡಿಯಲ್ಲಿ ಕೂಡ, ಮಡಿವಾಳೆಪ್ಪ ನಗುತ್ತಲೇ ಇದ್ದ. ತಾನು ಎಲ್ಲಿ ಜಾರಿ ಬಿದ್ದೆ, ಬಿದ್ದವನ ಮೇಲೆ ಸೈಕಲ್ ಹೇಗೆ ಬಿತ್ತು ಎಂದು ಮಗಳಿಗೆ ಕೈ ಮಾಡಿ ತೋರಿಸುತ್ತಿದ್ದ.

ಬರಗಾಲದ ಕಾಮಗಾರಿಯಲ್ಲಿ ದಾರಿಗೆ ಗಟ್ಟಿ ಗರಸು ಮಣ್ಣು ಬಿತ್ತು. ಗರಸು ಬಿದ್ದ ದಾರಿಗೆ, ಎರಡು ಸುಗ್ಗಿ ಕಳೆದ ಮೇಲೆ, ವಸ್ತಿ ಬಸ್ಸು ಬಂತು. ಸಂಜೆ ಬಂದು ಚಾವಡಿಯ ಮುಂದೆ ತಂಗಿ, ಮುಂಜಾನೆ ಹೊರಡುವ ಬಸ್ಸು. ಊರೆಲ್ಲ ಕೂಡಿ ಅದಕ್ಕೆ ಬಾಳೆಕಂದು ಕಟ್ಟಿತು. ರೇವವ್ವ ಮನೆಮಂದಿಯನ್ನೆಲ್ಲ ಕರೆದುಕೊಂಡು ಯಮನೂರಿಗೆ ಹೋಗಿ, ದರ್ಗಾದಲ್ಲಿ ಮುಲ್ಲಾನ ಕೈಲಿ ಸಕ್ಕರೆ ಓದಿಸಿಕೊಂಡು ಬಂದಳು. ಸೈಕಲ್ ಓಡಲು ಹದವಾದ ದಾರಿ ಕಡೆಗೂ ಬಂದಿತ್ತು. ಸೈಕಲ್ ಮಾತ್ರ ಅವತ್ತಿನಿಂದ ಎತ್ತುಗಳ ಪಕ್ಕ ನಿಂತಿತು.

ಈಗ ಮಡಿವಾಳೆಪ್ಪ ಮುಂಚಿಗಿಂತ ಬೇಗ ಮನೆಗೆ ಬರುತ್ತಾನೆ. ಡ್ರೈವರನ ಹಿಂದಿನ ಸೀಟು ಅವನದೇ. ಅಂಗಿ ಮಾಸುವುದಿಲ್ಲ, ಬೆವರುವುದಿಲ್ಲ. ಬಂದವನು ಪಡಸಾಲೆಯಲ್ಲಿ ಹಣೆಗೆ ಟವೆಲ್ ಬಿಗಿದುಕೊಂಡು ಕೂರುತ್ತಾನೆ. ಬಸ್ಸಿನ ಗಡಗಡ ಗಿರಣಿಯ ಗರಗರಕ್ಕೆ ಕೂಡಿಕೊಂಡು ಮನೆಯ ತನಕ ಬರುತ್ತದೆ, ಅದರ ಹಿಂದೆ ಮ್ಯಾನೇಜರನೂ ಬರುತ್ತಾನೆ. ಪಲ್ಯಕ್ಕೆ ಉಪ್ಪು ಹೆಚ್ಚಾಯಿತು, ಎತ್ತಿನ ಗಂಟೆ ಯಾಕೆ ಬಿಚ್ಚಿಲ್ಲ, ಬಾಗಿಲು ಯಾರು ಬಡಿದರು. ಯಾವುದೂ ದೊಡ್ಡ ಜಗಳವಲ್ಲ. ದೊಡ್ಡ ಜಗಳವಾಗಿದ್ದರೆ ಗೌರಕ್ಕ ಒಂದು ಮಾತು ತಿರುಗಿಸಿ ಹೇಳಿಯೇ ಬಿಡುತ್ತಿದ್ದಳು. ದಿನವೂ ಒಂದೊಂದು ಮುಳ್ಳು, ಅಷ್ಟೇ.

ಅವಳು ಕೈಕಟ್ಟಿ ಕೂತಿರಲಿಲ್ಲ. ಒಂದು ದಿನ ಬೇಕೆಂದೇ ಒಲೆ ತಡವಾಗಿ ಹಚ್ಚಿದಳು. ಬಸ್ಸು ತಪ್ಪಿದರೆ ಸೈಕಲ್ ಹತ್ತಲೇಬೇಕಲ್ಲ ಎಂದು. ಬಸ್ಸು ತಪ್ಪಲಿಲ್ಲ, ನಿಂತಿತು. ಕಂಡಕ್ಟರ ಪಂಢರಿನಾಥ ಸ್ವತಃ ಮನೆಯ ಬಾಗಿಲಿಗೆ ಬಂದು, "ಸಾವಕಾಶ ಕಟ್ರಿ ವೈನೀ ಬುತ್ತಿ, ನಿಂದರ್ತೇವಿ. ನಿಮ್ಮವರನ್ನ ಬಿಟ್ಟು ಗಾಡಿ ಹೊಂಟ್ರ ಗಾಡಿಗೇ ಬ್ಯಾಸರ ಆಗ್ತೈತಿ," ಎಂದು ಕಟ್ಟೆಯ ಮೇಲೆ ಕೂತು ಚಹಾ ಕುಡಿದುಹೋದ. ಅಷ್ಟೊಂದು ಒಳ್ಳೆಯ ಮನುಷ್ಯನ ಮೇಲೆ ಹಾಗೆ ಸಿಟ್ಟು ಬರಬಹುದೆಂದು ಗೌರಕ್ಕನಿಗೆ ಅವತ್ತೇ ಗೊತ್ತಾದದ್ದು.

ಸೋಮವಾರ ಸಂಜೆ ಮಡಿವಾಳೆಪ್ಪ ಊಟಕ್ಕೆ ಕೂತಾಗ ರೇವವ್ವ ತಾನೇ ಮಾತು ತೆಗೆದಳು.

"ಮಡಿವಾಳ್ಯಾ, ಸೈಕಲ್ಲ ಕರಿಸಿದ್ದಗ ಕೊಡ್ತೇನಂತ ಹೇಳೇನಿ. ಮನಿಯಾಗಿದ್ರ ಒಂದಿಲ್ಲೊಂದಿನ ಕಾಲು ಅತ್ತಾಗ ಹೊಕ್ಕೈತಿ. ಹರಕಿ ಮುರದಂಗಾಗಬಾರದು."

"ಹೂಂ."

"ಬುಧವಾರ ಬಾ ಅಂದೇನಿ."

"ಹೂಂ. ಕೊಡು."

ಅವನು ರೊಟ್ಟಿ ಮುರಿದ. ಗೌರಕ್ಕ ಅವನ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ, ಬೇಸರ ಕೂಡ. ಆ 'ಹೂಂ' ಕೇಳಿ ಅವಳಿಗೆ ಕೈಯಲ್ಲಿದ್ದ ಮಜ್ಜಿಗೆಯ ತಂಬಿಗೆಯನ್ನು ಅಲ್ಲೇ ಕುಕ್ಕಬೇಕೆನ್ನಿಸಿತು.

"ಇರಲಿ ಬಿಡ್ರಿ ಅತ್ತಿ, ಮನಿಯಾಗ," ಅಂದಳು. ಮಾತು ಹೊರಗೆ ಬಿದ್ದ ಮೇಲೆ ಅದಕ್ಕೆ ಕಾರಣ ಹುಡುಕಬೇಕಾಯಿತು. "ಅದರ ಮ್ಯಾಲ ನಾ ಕೌದಿ ಒಣಗಸ್ತೇನಿ."

ಅತ್ತೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಕೌದಿ ಒಣಗಸಾಕ ಸೈಕಲ್ಲ ಬೇಕೇನ ನಿನಗ? ನಿಮ್ಮ ತವರಾಗ ಮೋಟಾರಿನ ಮ್ಯಾಲ ಒಣಗಸ್ತಿದ್ರೇನು?"

ನೀಲಗಂಗಾ ಕಿಸಕ್ಕೆಂದು ನಕ್ಕಳು. ಮಡಿವಾಳೆಪ್ಪ ನಗಲಿಲ್ಲ. ಮಜ್ಜಿಗೆ ಕೇಳಿ ಕುಡಿದು ಎದ್ದ. ಗೌರಕ್ಕ ತಾಟು ಬಳಿಯುತ್ತ ತನ್ನ ನಾಲಿಗೆಯನ್ನು ಬೈದುಕೊಂಡಳು. ಹೇಳಬೇಕಾದದ್ದು ಎದೆಯ ತುಂಬ ಇತ್ತು. ಬಾಯಿಗೆ ಬಂದದ್ದು ಕೌದಿ.

ಮರುದಿನ ಮಧ್ಯಾಹ್ನ ಕೆಲಸ ಒಂದು ಹದಕ್ಕೆ ಬಂದ ಮೇಲೆ ಅವಳು ಹಿತ್ತಲ ದಾಟಿ ಫಾತಿಮಾಬಿಯ ಮನೆಗೆ ಹೋದಳು. ಫಾತಿಮಾಬಿ ಊರಿಗೆಲ್ಲ ಕೌದಿ ಹೊಲಿದುಕೊಡುವ ಹೆಂಗಸು, ರೇವವ್ವನ ವಾರಗೆಯವಳು. ಯಮನೂರಿಗೆ ನಡೆದುಕೊಳ್ಳುವವರ ಪೈಕಿ ಅವಳಿಗಿಂತ ಹಳಬರು ಓಣಿಯಲ್ಲಿ ಇರಲಿಲ್ಲ.

"ಫಾತಿಮಾಬೀ, ಹೊತ್ತ ಹರಕಿ ವಾಪಸ್ ತಗೊಳ್ಳಾಕ ಬರ್ತೈತೇನ್ರಿ?"

"ಏನ ಹೊತ್ತಿದ್ದಿ ಬೇ?"

"ನಾ ಅಲ್ರಿ, ನಮ್ಮತ್ತಿ. ಬಸ್ಸಿಂದು."

ಫಾತಿಮಾಬಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ನಗತೊಡಗಿದಳು. "ಬಸ್ಸಿಂದು ನಾನೂ ಹೊತ್ತಿದ್ದೆ, ನನ್ನ ಮೊಣಕಾಲಿನ ಸಲವಾಗಿ. ಮಹಾದೇವಕ್ಕ ಹೊತ್ತಿದ್ಲು, ಮಗಳು ತವರಿಗೆ ಬರಲಿ ಅಂತ. ಅರ್ಧಾ ಊರ ಹೊತ್ತಿತ್ತು. ಈಗ ಒಬ್ಬೊಬ್ಬರ ವಾಪಸ್ ತಗೊಂಡ್ರ, ಆ ಬಸ್ಸಿನ ಗಾಲಿ ಒಂದೊಂದ ಉಚ್ಚಿ ಬೀಳ್ತಾವು ನೋಡು."

"ಬಸ್ಸು ಇರಲಿ. ಸೈಕಲ್ ಅಷ್ಟ ಬೇಕಿತ್ರಿ."

"ಸೈಕಲ್ ಯಾರಿಗೆ ಬೇಕು? ನಿನಗೋ?"

ಗೌರಕ್ಕ ಹೇಳಲು ನೋಡಿದಳು. ಅವರು ಗಿರಣಿಯನ್ನು ದಾರಿಯಲ್ಲಿ ಇಳಿಸಿ ಬರುತ್ತಿದ್ದರು, ಈಗ ಹೊತ್ತುಕೊಂಡೇ ಬರುತ್ತಾರೆ ಎಂದಳು. ಫಾತಿಮಾಬಿ ಕನ್ನಡಕ ಮೇಲೆ ಸರಿಸಿ ಕೇಳಿಸಿಕೊಂಡಳು. ಕೇಳಿಸಿಕೊಂಡು, "ಗಂಡಸು ಅಂದ್ಮ್ಯಾಲ ಸಿಟ್ಟು ಸೆಡವು ಇರೂದ ಬೇ. ನಮ್ಮವರು ಇರೂತನಾ ಸೈಕಲ್ಲೂ ಇರಲಿಲ್ಲ, ಬಸ್ಸೂ ಇರಲಿಲ್ಲ, ಸಿಟ್ಟು ಮಾತ್ರ ಬೇಕಾದಷ್ಟಿತ್ತು," ಎಂದು ಸೂಜಿ ಕಿತ್ತಳು. ಹೋಗುವಾಗ ಒಂದು ಹಿಡಿ ಹುರಿದ ಪುಟಾಣಿ ಕೊಟ್ಟಳು, ನೀಲಗಂಗಾಗೆ ಎಂದು.

ಪುಟಾಣಿ ಸೆರಗಿಗೆ ಕಟ್ಟಿಕೊಂಡು ಬರುವಾಗ ಗೌರಕ್ಕನಿಗೆ ಅಳು ಬರುವಂತಾಯಿತು. ಯಾರೂ ಕೆಟ್ಟವರಲ್ಲ. ಬಸ್ಸು ಕೆಟ್ಟದ್ದಲ್ಲ, ಹರಕೆ ಕೆಟ್ಟದ್ದಲ್ಲ, ಕರಿಸಿದ್ದಪ್ಪನ ಕುತ್ತಿಗೆ ನೋಯುವುದೂ ಸುಳ್ಳಲ್ಲ. ಕೈ ಮಾಡಿ ತೋರಿಸಲು ಒಬ್ಬ ಕೆಟ್ಟವನಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಆ ಸಂಜೆ ಹೇಳಿಯೇ ಬಿಡಬೇಕೆಂದು ಅವಳು ನಿಶ್ಚಯಿಸಿದಳು. ಮಡಿವಾಳೆಪ್ಪ ಬಂದ. ಕೂದಲಲ್ಲಿ ಅರಳೆಯ ಎಳೆ ಸಿಕ್ಕಿಕೊಂಡಿತ್ತು. ಕಾಲು ತೊಳೆದು, ಟವೆಲ್ ಬಿಗಿದು ಕಂಬಕ್ಕೆ ಒರಗಿದ. ಗೌರಕ್ಕ ಚಹಾ ತಂದಿಟ್ಟು ಪಕ್ಕದಲ್ಲಿ ಕೂತಳು.

"ಏನ್ರಿ…"

"ಏನು?"

ಅಷ್ಟರಲ್ಲಿ ನೀಲಗಂಗಾ ಒಳಗಿಂದ ಬಂದು ಅಪ್ಪನ ಎದುರು ಕೂತಳು. ಏನೂ ಹಿಡಿದಿರಲಿಲ್ಲ, ಏನೂ ಮಾಡುತ್ತಿರಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದಳು. ತುಟಿ ಬಿರಿಯುವುದು, ಮತ್ತೆ ಮುಚ್ಚುವುದು ಗೌರಕ್ಕನಿಗೆ ಕಂಡಿತು. ಬೇಡ ಎಂದು ಕಣ್ಣಲ್ಲೇ ಹೇಳಿದಳು. ಮೊದಲು ನಾನು ಹೇಳುತ್ತೇನೆ, ನೀನು ಸುಮ್ಮನಿರು.

"ಗದ್ದಲಾ ಹಾಕಬ್ಯಾಡ," ಅಂದ ಮಡಿವಾಳೆಪ್ಪ.

ಹುಡುಗಿ ತಾಯಿಯ ಕಡೆ ನೋಡಿದಳು. "ನಾ ಏನೂ ಅಂದಿಲ್ಲಪಾ."

"ಗದ್ದಲಾ ಹಾಕಬ್ಯಾಡ ಅಂದ್ರ ತಿಳಿಯೂದಿಲ್ಲೇನ್ಲೇ? ಇಡೀ ದಿನಾ ಅದ ಆಗೇತಿ. ಹೋಗು ಅತ್ಲಾಗ."

ಪಡಸಾಲೆಯಲ್ಲಿ ಸದ್ದೇ ಇರಲಿಲ್ಲ. ಎತ್ತುಗಳೂ ಸುಮ್ಮನಿದ್ದವು. ನೀಲಗಂಗಾ ಎದ್ದು ದಂದಕ್ಕಿಗೆ ಇಳಿದು, ಸೈಕಲ್ಲಿನ ಮುಂದಿನ ಕೊಳವೆಯ ಮೇಲೆ ಕೈಯಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತಳು. ಮಡಿವಾಳೆಪ್ಪ ಅದನ್ನು ನೋಡಿದ. ತಾನು ಏನೋ ತಪ್ಪು ಮಾಡಿದೆ ಎಂಬುದು ಅವನಿಗೂ ಗೊತ್ತಾಗಿತ್ತು. ಆದರೆ ಏನು ಎಂಬುದು ತಿಳಿಯದವನಂತೆ ಅಂಗೈಯಲ್ಲಿ ಕಿವಿಗಳನ್ನು ಒತ್ತಿ ಹಿಡಿದುಕೊಂಡ.

"ನೀ ಏನೋ ಅನ್ನಾಕ ಹತ್ತಿದ್ದಿ," ಅಂದ ಹೆಂಡತಿಗೆ.

"ಏನಿಲ್ರಿ. ಚಹಾ ಆರತೈತಿ."

ಒಳಗೆ ಹೋಗಿ ಗೌರಕ್ಕ ಒಲೆಗೆ ಒಂದರ ಮೇಲೊಂದು ಕಟ್ಟಿಗೆ ತುರುಕಿದಳು. ಹೊಗೆ ಎದ್ದು ಕಣ್ಣಲ್ಲಿ ನೀರು ಬಂತು. ಅಷ್ಟು ಕಟ್ಟಿಗೆಯ ಕೆಲಸವೇನೂ ಅಲ್ಲಿರಲಿಲ್ಲ.

ಬುಧವಾರ ಮುಂಜಾನೆ ಕರಿಸಿದ್ದಪ್ಪ ಎಲ್ಲಿಂದಲೋ ಪಂಪು ಎರವಲು ತಂದು, ಹಾಲಿನ ಕ್ಯಾನುಗಳನ್ನು ಕಟ್ಟೆಯ ಮೇಲಿಟ್ಟು, ಸೂರ್ಯ ಏರುವ ಮೊದಲೇ ಹಾಜರಾಗಿದ್ದ. ಸೈಕಲ್ಲನ್ನು ಅಂಗಳಕ್ಕೆ ತಂದು ಗಾಲಿಗಳಿಗೆ ಗಾಳಿ ತುಂಬಿದ. ರೇವವ್ವ ಹ್ಯಾಂಡಲಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಮುಂದಿನ ಗಾಲಿಯ ಮುಂದೆ ಕಾಯಿ ಒಡೆದಳು. ಸೀಟಿನ ಮೇಲೆ ಕೈಯಾಡಿಸುವಾಗ ಅವಳ ಕಣ್ಣೂ ಒದ್ದೆಯಾಗಿತ್ತು. "ನಮ್ಮನಿ ಎತ್ತಿದು, ಹೊಡದು ಬಡದು ಮಾಡಬ್ಯಾಡೋ," ಅಂದಳು.

"ಇಲ್ರಿ ಯವ್ವಾರ. ದಿನಾ ಒಂದ ಹಿಡಿ ಹಿಂಡೀನೂ ಇಡ್ತೇನಿ."

ಮಡಿವಾಳೆಪ್ಪ ಬಿಳಿ ಅಂಗಿ ಧೋತರ ಉಟ್ಟು, ಬುತ್ತಿ ಹಿಡಿದು ಹೊರಗೆ ಬಂದ. ನಿಂತವರ ಕಡೆ ಹೆಚ್ಚು ನೋಡದೆ ಅಂಗಳ ದಾಟುತ್ತಿದ್ದ. ಕರಿಸಿದ್ದಪ್ಪ ಸೈಕಲ್ಲನ್ನು ಎರಡು ಹೆಜ್ಜೆ ನೂಕಿ, ಒಂದು ಕಾಲು ಪೆಡಲಿನ ಮೇಲಿಟ್ಟು ಕುಪ್ಪಳಿಸಿದ. ಕಟಕ್ ಎಂದಿತು. ಚೈನು ಕಳಚಿ ನೆಲಕ್ಕೆ ಜೋತುಬಿತ್ತು.

"ಇದು ನನ್ನ ಮಾತ ಕೇಳೂದಿಲ್ರ್ಯೋ," ಎಂದ ಕರಿಸಿದ್ದಪ್ಪ ಬಗ್ಗಿ ನೋಡುತ್ತ. ಚೈನನ್ನು ಮೇಲಿಂದ ಹಾಕಿದ, ಕೆಳಗಿಂದ ಹಾಕಿದ. ಕೈ ಕಪ್ಪಾಯಿತೇ ಹೊರತು ಅದು ಕೂರಲಿಲ್ಲ. "ಮಡಿವಾಳೆಪ್ಪಾರ, ಒಂಚೂರು ತೋರಿಸಿಕೊಡ್ರೆಲಾ. ಕೈಲೆ ಮುಟ್ಟಿದ್ರೇನೂ ಹರಕಿ ಕೆಡೂದಿಲ್ಲ."

ಮಡಿವಾಳೆಪ್ಪ ತಾಯಿಯ ಮುಖ ನೋಡಿದ. ರೇವವ್ವ ಬೇಡ ಅನ್ನಲಿಲ್ಲ. ಅವನು ಬುತ್ತಿಯನ್ನು ಕಟ್ಟೆಯ ಮೇಲಿಟ್ಟು, ಧೋತರ ಮೇಲೆ ಕಟ್ಟಿ, ಕುಕ್ಕರಗಾಲಲ್ಲಿ ಕೂತ. ಹಿಂದಿನ ಹಲ್ಲಿಗೆ ಮೊದಲು ಸಿಗಿಸಿ, ಮುಂದಿನ ಚಕ್ರದ ಕೆಳಗಿನ ಹಲ್ಲಿಗೆ ಬೆರಳಲ್ಲಿ ಒತ್ತಿ ಹಿಡಿದು, ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದ. ಚೈನು ಸುಮ್ಮನೆ ಹೋಗಿ ತನ್ನ ಜಾಗದಲ್ಲಿ ಕೂತಿತು. ಸರಿಯಾಗಿದೆಯೋ ಇಲ್ಲವೋ ನೋಡಲು ಹಿಂದಿನ ಗಾಲಿಯನ್ನು ಎತ್ತಿ ಹಿಡಿದು ಪೆಡಲ್ ಮುಂದಕ್ಕೆ ತಿರುವಿದ. ಗಾಲಿ ತಿರುಗಿತು. ಕೈ ಬಿಟ್ಟ. ಗಾಲಿ ತಾನೇ ತಿರುಗುತ್ತ, ಟಿಕಟಿಕಟಿಕ ಎಂದು ಸಣ್ಣಗೆ ಸದ್ದು ಮಾಡಿತು.

ಚಾವಡಿಯ ಕಡೆಯಿಂದ ಬಸ್ಸಿನ ಹಾರ್ನು ಕೇಳಿಸಿತು.

ಅವನು ಏಳಲಿಲ್ಲ. ಗಾಲಿ ಸಾವಕಾಶವಾಗುತ್ತಿದ್ದಂತೆ ಪೆಡಲನ್ನು ಮತ್ತೊಮ್ಮೆ ತಿರುವಿದ. ಮತ್ತೆ ಟಿಕಟಿಕ. ತಲೆ ಒಂದು ಕಡೆಗೆ ವಾಲಿತ್ತು. ಮುಂಜಾನೆಯ ಬಿಸಿಲು ಕಡ್ಡಿಗಳ ಮೇಲೆ ಬಿದ್ದು ಅವನ ಬಿಳಿ ಅಂಗಿಯ ಮೇಲೆಲ್ಲ ಓಡಾಡುತ್ತಿತ್ತು. ಹುಬ್ಬುಗಳ ನಡುವಿನ ಗಂಟು ಸಡಿಲಾದದ್ದನ್ನು ಗೌರಕ್ಕ ಕಂಡಳು. ಎಷ್ಟು ತಿಂಗಳಿಂದ ಅದನ್ನು ಸಡಿಲಿಸಬೇಕೆಂದು ಅವಳು ಚಹಾ ಕಾಸಿದ್ದಳು, ಎಣ್ಣೆ ತಿಕ್ಕಿದ್ದಳು, ಬಾಯಿ ಮುಚ್ಚಿಕೊಂಡಿದ್ದಳು.

"ಆತಲ್ರಿ, ಅಗದಿ ಚಲೋ ಆತು," ಅಂದ ಕರಿಸಿದ್ದಪ್ಪ. ಹ್ಯಾಂಡಲಿಗೆ ಕೈ ಚಾಚಿದವನು ಹಾಗೇ ನಿಂತ.

"ಮಡಿವಾಳ್ಯಾ, ಬಸ್ಸು ಒದರಾಕ ಹತ್ತೇತಪಾ," ಅಂದಳು ರೇವವ್ವ.

"ಹೂಂ," ಅಂದ ಅವನು. ಕೈ ಪೆಡಲಿನ ಮೇಲೆಯೇ ಇತ್ತು.

ಈಗ, ಎಂದುಕೊಂಡಳು ಗೌರಕ್ಕ. ಈಗ ಹೇಳದಿದ್ದರೆ ಇನ್ನೆಂದಿಗೂ ಇಲ್ಲ. ಬಾಯಿ ತೆರೆದಳು. ಅತ್ತೆಯ ಮುಖ ಕಂಡಿತು, ಒಡೆದ ಕಾಯಿ ಕಂಡಿತು, ಕರಿಸಿದ್ದಪ್ಪನ ಕ್ಯಾನುಗಳು ಕಂಡವು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡಳು. ಬಸ್ಸು ಇನ್ನೊಮ್ಮೆ ಕೂಗಿತು.

ನೀಲಗಂಗಾ ಬಾಗಿಲಿನ ಹತ್ತಿರದಿಂದ ಬಂದು ಅಪ್ಪನ ಎದುರು, ಸೈಕಲ್ಲಿನ ಆಚೆ ಬದಿಗೆ ನಿಂತಳು. ಅವಳ ತುಟಿ ಬಿರಿಯಿತು. ಈಗ ಬೇಡ ಎಂದು ತಡೆಯಲು ಗೌರಕ್ಕನ ಕೈ ರೂಢಿಯಂತೆ ಮುಂದೆ ಹೋಯಿತು, ಮಗಳ ಹೆಗಲ ಹತ್ತಿರದ ತನಕ ಹೋಯಿತು. ಅಲ್ಲಿಂದ ಅವಳು ಅದನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು.

"ಅಪ್ಪಾ," ಅಂದಳು ನೀಲಗಂಗಾ, "ನಿನಗ ಸೈಕಲ್ ಹೊಡೀಬೇಕು ಅನಸೂದಿಲ್ಲೇನು?"